ಸರೌಂಡ್ ಎಂಬ ನೆರೆ

ಸರೌಂಡ್ ಎಂಬ ಮಾತಿನ ಹುಟ್ಟಿನಲ್ಲಿ ‘ರೌಂಡ್’ ಇಲ್ಲ. ಕಿವಿಗೆ ಇದ್ದಂತೆ ಕೇಳುತ್ತದೆ, ಬರೆದರೆ ಕಣ್ಣಿಗೂ ಕಾಣುತ್ತದೆ. ಹೋಮ್ ಥಿಯೇಟರ್ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಈ ಮಾತನ್ನು ನಾವೆಲ್ಲ ‘ಸುತ್ತ’ ಎಂದೇ ಓದಿಕೊಂಡಿದ್ದೇವೆ. ಅಂಗಡಿಯವರು ಹಾಗೆಯೇ ವಿವರಿಸುತ್ತಾರೆ. ಕೊಂಡವರೂ ಹಾಗೆಯೇ ನಂಬಿ ಐದು ಡಬ್ಬಿಗಳನ್ನು ಹಜಾರದ ನಾಲ್ಕೂ ಕಡೆ ಹಂಚಿಟ್ಟು, ಹಿಂದಿನಿಂದ ಸದ್ದು ಬರುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೂರುತ್ತಾರೆ. ಆದರೆ ಈ ಮಾತು ತನ್ನ ಬಾಳಿನ ಮೊದಲ ಭಾಗವನ್ನು ಕಳೆದದ್ದು ನೀರಿನಲ್ಲಿ. ಆ ನೀರಿನ ಅರ್ಥ ತಿಳಿದರೆ ಸ್ಪೀಕರ್ ಇಡುವ ಕೈಯೂ ಬದಲಾಗುತ್ತದೆ ಎಂಬುದು ನನ್ನ ಅನುಭವ. ಅದಕ್ಕಾಗಿಯೇ ಈ ಪದದ ಬೆನ್ನು ಹತ್ತಿದ್ದೇನೆ.

ಲ್ಯಾಟಿನ್ನಿನಲ್ಲಿ ‘ಉಂಡಾ’ ಎಂದರೆ ಅಲೆ, ‘ಸೂಪರ್’ ಎಂದರೆ ಮೇಲೆ. ಎರಡೂ ಕೂಡಿ ‘ಸೂಪರುಂಡಾರೆ’: ಉಕ್ಕಿ ಹರಿ, ದಡ ಮೀರು. ಹಳೆಯ ಫ್ರೆಂಚರ ಬಾಯಲ್ಲಿ ಅದು ಸವೆದು ಸಣ್ಣದಾಯಿತು. ನಾರ್ಮನ್ನರ ಹಿಂದೆ ಇಂಗ್ಲೆಂಡಿಗೆ ಬಂದ ಫ್ರೆಂಚಿನಿಂದ 15ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಇಳಿಯಿತು. ಆಗ ಅದಕ್ಕಿದ್ದ ಅರ್ಥ ಪ್ರವಾಹದಲ್ಲಿ ಮುಳುಗಿಸು, ನೀರು ಮೇಲೆ ಹಾಯು ಎಂದಷ್ಟೇ. ಅಬಂಡೆಂಟ್, ರಿಡಂಡೆಂಟ್ ಎಂಬ ಮಾತುಗಳ ಒಳಗೂ ಇದೇ ಅಲೆ ಇದೆ. ಒಂದು ತುಂಬಿ ತುಳುಕುವುದು, ಇನ್ನೊಂದು ಬೇಕಾದ್ದಕ್ಕಿಂತ ಹೆಚ್ಚಾಗಿ ಹೊರಚೆಲ್ಲುವುದು.

ಕನ್ನಡದವರಿಗೆ ಈ ಅಲೆ ದೂರದ್ದೇನಲ್ಲ. ‘ಉಂಡಾ’ ಮತ್ತು ನಾವು ಬಲ್ಲ ‘ಉದಕ’ ಒಂದೇ ಬೇರಿನ ಚಿಗುರುಗಳು. ‘ಸೂಪರ್’ ಮತ್ತು ಸಂಸ್ಕೃತದ ‘ಉಪರಿ’ ಕೂಡ ಒಂದೇ ಬಳ್ಳಿಯವು. ‘ಸೌಂಡ್’ ಬಂದದ್ದು ಲ್ಯಾಟಿನ್ನಿನ ‘ಸೋನುಸ್’ನಿಂದ, ಅದರ ನೆಂಟ ನಮ್ಮ ‘ಸ್ವನ’. ಭಾಷಾಶಾಸ್ತ್ರದವರು ಸ್ವನಿಮಾ ಎನ್ನುವಾಗ ಬಳಸುವುದು ಆ ಸ್ವನವನ್ನೇ. (ಸೌಂಡಿನ ಕೊನೆಯ ಡಕಾರ ಮೂಲದಲ್ಲಿ ಇರಲಿಲ್ಲ, ಇಂಗ್ಲಿಷರ ನಾಲಗೆ ಆಮೇಲೆ ಅಂಟಿಸಿದ್ದು.) ಹಾಗೆ ನೋಡಿದರೆ ಸರೌಂಡ್ ಸೌಂಡ್ ಎಂಬ ಜೋಡಿಯನ್ನು ಬಿಡಿಸಿದಾಗ ಉಪರಿ, ಉದಕ, ಸ್ವನ ಎಂಬ ಮೂರು ಗುರುತಿನ ಮುಖಗಳು ಹೊರಬರುತ್ತವೆ. ತಲೆಯ ಮೇಲೆ ಹಾದುಹೋಗುವ ನೀರಿನಂಥ ದನಿ. ಈ ಜೋಡಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 1960ರ ದಶಕದ ಕೊನೆಗೆ. ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ‘ಸುತ್ತ’ ಎಂಬ ಅರ್ಥವೇ. ಆದರೂ ದನಿಗೆ ಇದಕ್ಕಿಂತ ಹೊಂದುವ ಹೆಸರನ್ನು ಬೇಕೆಂದು ಹುಡುಕಿದ್ದರೂ ಅವರಿಗೆ ಸಿಗುತ್ತಿರಲಿಲ್ಲ.

ಪದ ನೀರಿನಿಂದ ದಡಕ್ಕೆ ಹತ್ತಿದ್ದು ಯಾವಾಗ? ಇಂಗ್ಲೆಂಡಿನ ಪೂರ್ವಕ್ಕೆ ಫೆನ್ಸ್ ಎಂಬ ಜವುಗು ಸೀಮೆಯಿದೆ. ಈಲಿ, ಕೇಂಬ್ರಿಜ್, ಲಿಂಕನ್ ಸುತ್ತಲಿನ ತಗ್ಗು ನೆಲ. ಮೊದಲನೆಯ ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ ಅಲ್ಲಿಯ ಲಕ್ಷಾಂತರ ಎಕರೆಯ ನೀರು ಬಸಿದು ಭೂಮಿ ಪಡೆಯಲು ಒಂದು ಶಾಸನವಾಯಿತು. ಅದರ ಉದ್ದನೆಯ ಶೀರ್ಷಿಕೆಯಲ್ಲೇ ಮತ್ತೆ ಮತ್ತೆ ನೀರು ನುಗ್ಗುವ ನೆಲ ಎಂದು ಹೇಳಲು ಬಳಸಿದ ಮಾತು ಸರೌಂಡಿಂಗ್. ಅಂದರೆ ಆಗಿನ್ನೂ ಸರೌಂಡ್ ಆದ ಹೊಲ ಎಂದರೆ ಬೇಲಿ ಸುತ್ತಿದ ಹೊಲವಲ್ಲ, ನೀರು ನಿಂತ ಹೊಲ. ಇನ್ನೊಂದು ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1610ರ ದಶಕದ ಬರಹಗಳಲ್ಲಿ, ‘ನಾಲ್ಕೂ ಕಡೆಯಿಂದ ಮುತ್ತು’ ಎಂಬ ಅರ್ಥ ಕಾಣಿಸತೊಡಗುತ್ತದೆ. ನೆರೆ ಬಂದಾಗ ಊರು ನಡುಗಡ್ಡೆಯಾಗುತ್ತದೆ, ನೀರು ಏರುತ್ತಲೂ ಇರುತ್ತದೆ, ಸುತ್ತಲೂ ಇರುತ್ತದೆ. ಮುಳುಗಿಸು ಮತ್ತು ಸುತ್ತುವರಿ ಎಂಬ ಎರಡು ಅರ್ಥಗಳ ನಡುವಿನ ದಾರಿ ಅಷ್ಟೇನೂ ಉದ್ದವಲ್ಲ. ಅದರ ಜೊತೆಗೆ ಚಕ್ರದ ವಂಶದ ‘ರೌಂಡ್’ ಪಕ್ಕದಲ್ಲೇ ಇತ್ತು. ಕಿವಿ ಎರಡನ್ನೂ ಕೂಡಿಸಿತು, ಕಾಗುಣಿತ ಅದಕ್ಕೆ ಮೊಹರು ಒತ್ತಿತು. ಒಂದೆರಡು ತಲೆಮಾರಿನಲ್ಲಿ ನೀರು ಮರೆತುಹೋಯಿತು.

ಕನ್ನಡದಲ್ಲಿ ಇಂಥದೇ ಒಂದು ಕೂಡುವಿಕೆ ನಡೆದಿದೆ, ಅದೂ ಇದೇ ಎರಡು ಅರ್ಥಗಳ ನಡುವೆ. ಪದಗಳ ಲೋಕದಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ಕಾಕತಾಳೀಯ ಬೇರೆ ಇಲ್ಲ. ಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ‘ನೆರೆ ಸಂತ್ರಸ್ತರು’ ಎಂದು ಓದುತ್ತೇವೆ. ಅಲ್ಲಿ ನೆರೆ ಎಂದರೆ ಪ್ರವಾಹ. ‘ನೆರೆಮನೆ’, ‘ನೆರೆಹೊರೆ’ ಎನ್ನುವಾಗ ನೆರೆ ಎಂದರೆ ಪಕ್ಕ, ಸುತ್ತಮುತ್ತ. ಇಂದು ಎರಡಕ್ಕೂ ಒಂದೇ ಬರವಣಿಗೆ. ಹಳಗನ್ನಡಕ್ಕೆ ಹೋದರೆ ರಕಾರಗಳು ಎರಡು. ಸಾಮಾನ್ಯ ರಕಾರದ ನೆರೆ ಎಂದರೆ ಕೂಡು, ಸೇರು, ಸನಿಹ. ಜನ ನೆರೆದರು ಎಂಬಲ್ಲಿ ಈಗಲೂ ಉಳಿದಿರುವುದು ಅದು. ಶಕಟರೇಫೆಯ ನೆಱೆ ಎಂದರೆ ತುಂಬು, ಪೂರ್ತಿಯಾಗು. ಹೊಳೆ ತುಂಬಿ ಬರುವ ನೆರೆಯಲ್ಲಿ ಕೇಳುವುದು ಈ ತುಂಬುವಿಕೆಯೇ. ತಮಿಳು ತುಂಬು ಎನ್ನುವುದಕ್ಕೆ ಇಂದಿಗೂ ಆ ಒರಟು ರಕಾರವನ್ನೇ ಇಟ್ಟುಕೊಂಡಿದೆ. ನಾವು ಶಕಟರೇಫೆಯನ್ನು ಬಿಟ್ಟೆವು, ಅದನ್ನು ಬಿಟ್ಟಾಗ ತುಂಬುವುದೂ ಸುತ್ತಲಿರುವುದೂ ಒಂದೇ ಅಕ್ಷರಗಳಲ್ಲಿ ಬಂದು ಕೂತವು. 1894ರ ಕಿಟ್ಟೆಲ್ ನಿಘಂಟು ತೆರೆದರೆ ಎರಡು ರಕಾರಗಳ ಮಾತುಗಳು ಇನ್ನೂ ಬೇರೆ ಬೇರೆಯಾಗಿ ನಿಂತಿರುವುದನ್ನು ನೋಡಬಹುದು.

ಸರೌಂಡ್ ಸೌಂಡಿನ ಚರಿತ್ರೆಯನ್ನು ನಾನು ಓದುವುದು ಈ ಎರಡು ನೆರೆಗಳ ನಡುವಿನ ಎಳೆದಾಟವಾಗಿ. ದನಿ ಕೋಣೆಯನ್ನು ತುಂಬಬೇಕೇ, ಅಥವಾ ಕೇಳುಗನ ಸುತ್ತ ಬಿಂದುಬಿಂದುವಾಗಿ ನಿಲ್ಲಬೇಕೇ? ಚಿತ್ರಮಂದಿರಗಳು ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ.

1940ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರಿನಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ತೆರೆ ಕಂಡಿತು. ಲಿಯೊಪೋಲ್ಡ್ ಸ್ಟೊಕೋವ್ಸ್ಕಿ ನಡೆಸಿದ ವಾದ್ಯವೃಂದವನ್ನು ಪ್ರೇಕ್ಷಕರ ಮೇಲೆ ಹರಿಯಬಿಡಬೇಕೆಂಬ ಆಸೆಯಿಂದ ಆರ್‌ಸಿಎ ಕಂಪನಿಯ ಜೊತೆಗೂಡಿ ಫ್ಯಾಂಟಸೌಂಡ್ ಎಂಬ ಏರ್ಪಾಟು ಕಟ್ಟಿದ್ದರು. ದನಿಯನ್ನು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ನಿಧಾನ ಸರಿಸುವ ಪ್ಯಾನ್‌ಪಾಟ್ ಎಂಬ ಗುಂಡಿ ಆ ಕೆಲಸಕ್ಕಾಗಿ ಹುಟ್ಟಿದ್ದು. ಸಲಕರಣೆ ದುಬಾರಿ, ಭಾರ ಬೇರೆ. ಕೆಲವೇ ಊರುಗಳನ್ನು ಕಂಡು ನಿಂತುಹೋಯಿತು. 1953ರಲ್ಲಿ ‘ದ ರೋಬ್’ ಸಿನಿಮಾಸ್ಕೋಪಿನೊಂದಿಗೆ ಬಂದಾಗ ಫಿಲ್ಮಿನ ಅಂಚಿನಲ್ಲಿ ನಾಲ್ಕು ಅಯಸ್ಕಾಂತದ ಪಟ್ಟಿಗಳಿದ್ದವು. ಮೂರು ಪಟ್ಟಿಗಳ ದನಿ ತೆರೆಯ ಹಿಂದಿನಿಂದ, ನಾಲ್ಕನೆಯದು ಪ್ರೇಕ್ಷಕರು ಕೂತ ಕಡೆಯ ಗೋಡೆಗಳಿಂದ. ಆ ನಾಲ್ಕನೆಯ ಪಟ್ಟಿಯಲ್ಲಿ ಸದಾ ಒಂದು ಸರಸರ ಸದ್ದು ಇರುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದರು: ಪಟ್ಟಿಯಲ್ಲಿ ಕೇಳಿಸಬೇಕಾದ್ದು ಇದ್ದಾಗ ಮಾತ್ರ ಅದರ ಜೊತೆಗೆ 12 ಕಿಲೋಹರ್ಟ್ಸ್‌ನ ಸಣ್ಣ ಸಿಳ್ಳೊಂದನ್ನು ಅಚ್ಚೊತ್ತುವುದು. ಸಿಳ್ಳು ಕೇಳಿದೊಡನೆ ಯಂತ್ರ ಗೋಡೆಯ ಸ್ಪೀಕರುಗಳನ್ನು ತೆರೆಯುತ್ತಿತ್ತು, ಸಿಳ್ಳು ನಿಂತರೆ ಮುಚ್ಚುತ್ತಿತ್ತು. ಹಳೆಯ ಅರ್ಥಕ್ಕೆ ತಕ್ಕ ತೂಬಿನ ಬಾಗಿಲು ಅದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲೆಗೂ ಪರದೆಗೂ ಕನ್ನಡ ಇಟ್ಟ ಹೆಸರು ಒಂದೇ: ತೆರೆ. ಸುಕ್ಕಿಗೂ ಹಳಗನ್ನಡದಲ್ಲಿ ಅದೇ ಮಾತು. ಮಡಿಕೆ ಮಡಿಕೆಯಾಗಿ ಬರುವುದೆಲ್ಲ ತೆರೆ. ಬೆಳ್ಳಿತೆರೆಯ ಬಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಹಿಂದಿನ ಸ್ಪೀಕರಿನ ತೆರೆಗಳು ಅವುಗಳ ಮೂಲಕ ಹಾದು ನಮ್ಮ ಕಿವಿಗೆ ಬರುತ್ತವೆ. ಮಾತಾಡುವವರ ದನಿ ಅವರ ಬಾಯಿಂದಲೇ ಬಂದಂತೆ ಅನ್ನಿಸುವುದಕ್ಕೆ ಇದೇ ಕಾರಣ.

1970ರ ದಶಕದ ನಡುವಿಗೆ ಡಾಲ್ಬಿ ಸ್ಟೀರಿಯೋ ಬಂತು. ಅದನ್ನು ತಂದ ರೇ ಡಾಲ್ಬಿ ಕಂಪನಿ ಕಟ್ಟುವ ಮುಂಚೆ, 1960ರ ದಶಕದ ಮೊದಲ ಭಾಗದಲ್ಲಿ, ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿ ಕೆಲಸ ಮಾಡಿದ್ದವರು. 1965ರಲ್ಲಿ ಇಂಗ್ಲೆಂಡಿಗೆ ಮರಳಿ ಪ್ರಯೋಗಾಲಯ ತೆರೆದರು. ಅವರ ಏರ್ಪಾಟಿನಲ್ಲಿ ಸರೌಂಡ್ ಚಾನೆಲ್ ಒಂದೇ ಒಂದು. ಅದರ ತಾರದ ಭಾಗವನ್ನು ಬೇಕೆಂದೇ ಕತ್ತರಿಸಿ, ದನಿಯನ್ನು ಒಂದಿಷ್ಟು ತಡಮಾಡಿ ಗೋಡೆಗಳಿಗೆ ಬಿಡುತ್ತಿದ್ದರು. ತಡ ಮಾಡಿದ್ದು ಯಾಕೆಂದರೆ, ಒಂದೇ ಸದ್ದು ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ ಕಿವಿ ಅದನ್ನು ಒಂದೇ ಸದ್ದು ಎಂದು ಕೇಳಿ, ಮೊದಲು ಬಂದ ದಿಕ್ಕನ್ನೇ ಅದರ ತವರು ಎಂದು ತೀರ್ಮಾನಿಸುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದರು. ತೆರೆಯ ಮೇಲಿನ ಮಾತು ಗೋಡೆಯಿಂದಲೂ ಸೋರಿದರೆ ಪ್ರೇಕ್ಷಕರು ಕತ್ತು ತಿರುಗಿಸಿ ಹೊರಬಾಗಿಲ ಕಡೆ ನೋಡಿಬಿಡುತ್ತಾರೆಂಬ ಭಯ ಧ್ವನಿಗ್ರಾಹಕರಿಗೆ ಯಾವತ್ತೂ ಇತ್ತು. ಅಂದರೆ ಅಲ್ಲಿಯವರೆಗೆ ಸರೌಂಡಿನ ಧರ್ಮ ತುಂಬುವುದು: ಜನರ ಗುಜುಗುಜು, ಕಾಡಿನ ಜೀರುಂಡೆ, ಗಾಳಿ. ಎಲ್ಲಿಂದ ಎಂದು ತೋರಗೊಡದೆ ಇರುವುದೇ ಅದರ ಜಾಣತನ.

ಎರಡನೆಯ ಅರ್ಥ ಥಿಯೇಟರಿನಲ್ಲಿ ಮೈತಳೆದದ್ದು 1979ರಲ್ಲಿ, ಕಪೋಲಾ ನಿರ್ದೇಶನದ ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ 70 ಎಂಎಂ ಪ್ರತಿಗಳಲ್ಲಿ. ವಾಲ್ಟರ್ ಮರ್ಚ್ ಅದರ ದನಿಯನ್ನು ಹೆಣೆದಾಗ ಹಿಂದಿನ ಚಾನೆಲ್ಲನ್ನು ಎಡ ಬಲ ಎಂದು ಸೀಳಿಕೊಂಡರು. ಮೊದಲ ದೃಶ್ಯದ ಹೆಲಿಕಾಪ್ಟರ್ ಪ್ರೇಕ್ಷಕರ ಸುತ್ತ ಒಂದು ಸುತ್ತು ಹಾಕಿತು. ಸರೌಂಡಿಗೆ ರೌಂಡ್ ನಿಜವಾಗಿಯೂ ಬಂದು ಸೇರಿದ್ದು ಆಗ. ಮುಂದೆ 1987ರಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಇಂಥ ಏರ್ಪಾಟಿಗೆ ಅಂಕಿಯಲ್ಲೇ ಹೆಸರಿಟ್ಟರು: 5.1. ಮುಂದೆ ಮೂರು, ಹಿಂದೆ ಎರಡು, ಜೊತೆಗೆ ಮಂದ್ರಕ್ಕೆಂದೇ ಇರುವ, ಸದ್ದಿನ ಹರವಿನಲ್ಲಿ ಒಂದು ಸಣ್ಣ ಪಾಲು ಮಾತ್ರ ಒಯ್ಯುವ ಚಾನೆಲ್. ಅದಕ್ಕೇ ಅದು ಪೂರ್ತಿ ಒಂದಾಗದೆ ಬಿಂದು ಒಂದಾಯಿತು. 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’, 1993ರ ‘ಜುರಾಸಿಕ್ ಪಾರ್ಕ್’ ಇದನ್ನು ಡಿಜಿಟಲ್ ಆಗಿ ಹೊತ್ತು ತಂದವು. ನಮ್ಮೂರ ಟಾಕೀಸುಗಳ ಫಲಕದ ಮೇಲೆ ಡಿಟಿಎಸ್ ಎಂಬ ಮೂರಕ್ಷರ ಕಾಣಿಸಿಕೊಳ್ಳತೊಡಗಿದ್ದು ಅದರ ನಂತರ.

ನಡುವೆ ಪದದ ಇನ್ನೊಂದು ಕವಲು ಬೇರೆಯೇ ದಿಕ್ಕಿಗೆ ಹೋಗಿತ್ತು. ಉತ್ತರ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳ ಹಿಂಡನ್ನು ಕುದುರೆಯ ಮೇಲೆ ಮುತ್ತಿ ಬೇಟೆಯಾಡುವುದಕ್ಕೆ ಸರೌಂಡ್ ಎಂದೇ ಹೆಸರಾಯಿತು. ಮನೆಗಳಲ್ಲಿ ರತ್ನಗಂಬಳಿಗೂ ಗೋಡೆಗೂ ನಡುವೆ ಉಳಿಯುವ ನೆಲದ ಪಟ್ಟಿಗೂ, ಬೆಂಕಿಗೂಡಿನ ಚೌಕಟ್ಟಿಗೂ ಅದೇ ಹೆಸರು. ಅಲ್ಲಿಂದ ಅದು ಸ್ಪೀಕರಿನ ಒಳಗೇ ಹೊಕ್ಕಿತು. ಶಂಕುವಿನಾಕಾರದ ಕಾಗದವನ್ನು ಲೋಹದ ಚೌಕಟ್ಟಿಗೆ ಹಿಡಿದಿಡುವ, ಅರ್ಧ ಕೊಳವೆಯಂತೆ ಉಬ್ಬಿದ ರಬ್ಬರಿನ ಅಥವಾ ಫೋಮಿನ ಬಳೆಯ ಹೆಸರೂ ಸರೌಂಡ್.

ಬೆಂಗಳೂರಿನ ಎಸ್.ಪಿ. ರೋಡಿನ ಒಳಗಲ್ಲಿಯ ಒಂದು ರಿಪೇರಿ ಅಂಗಡಿಯಲ್ಲಿ ಇದನ್ನು ಹತ್ತಿರದಿಂದ ಕಂಡೆ. ನನ್ನ ಹಳೆಯ ಸ್ಪೀಕರಿನ ವೂಫರ್ ಬರಬರ ಎನ್ನುತ್ತಿತ್ತು. ಮೇಜಿನಾಚೆಯ ಹಿರಿಯರು ಜಾಲರಿ ಬಿಚ್ಚಿ ಬೆರಳಿನಿಂದ ಅಂಚನ್ನು ಮುಟ್ಟಿದರು. ಫೋಮು ಹಳದಿ ಪುಡಿಯಾಗಿ ಅವರ ಉಗುರಿಗೆ ಅಂಟಿಕೊಂಡಿತು. “ಕೋನ್ ಗಟ್ಟಿಯಾಗಿದೆ ಸಾರ್, ಸರೌಂಡ್ ಹೋಗಿದೆ ಅಷ್ಟೆ,” ಎಂದರು. ನಮ್ಮ ಹವೆಯ ತೇವಕ್ಕೆ ಫೋಮು ಹೀಗೇ ಕರಗುತ್ತದೆ, ರಬ್ಬರಾದರೆ ಬಾಳುತ್ತದೆ. ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆದು, ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ, ಹೊಸ ಬಳೆಯನ್ನು ಮೊದಲು ಕಾಗದಕ್ಕೆ, ಅದು ಹಿಡಿದ ಮೇಲೆ ಚೌಕಟ್ಟಿಗೆ ಕೂರಿಸಿದರು. ಅಂಟು ಹಸಿಯಿರುವಾಗಲೇ ನಾಲ್ಕು ಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ ಬಿಟ್ಟು, ಒಳಗಿನ ಸುರುಳಿ ಎಲ್ಲೂ ತಾಗಿ ಕೆರೆಯುತ್ತಿಲ್ಲವಲ್ಲ ಎಂದು ಕಿವಿ ಹತ್ತಿರ ತಂದು ಕೇಳಿದರು. ಕೊನೆಗೆ ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತುದಿಗೆ ತಂತಿ ಮುಟ್ಟಿಸಿದರು. ಕೋನ್ ಟಪ್ ಎಂದು ಹೊರಕ್ಕೆ ಬಂತು. “ಹೊರಗೆ ಬಂದ್ರೆ ಪ್ಲಸ್ಸು ಪ್ಲಸ್ಸಿಗೇ ಇದೆ ಅಂತ. ಒಳಗೆ ಹೋದ್ರೆ ತಂತಿ ತಿರುವುಮುರುವಾಗಿದೆ.” ಕೋನನ್ನು ಸುತ್ತಲೂ ಹಿಡಿದಿದ್ದು, ಹಿಡಿದುಕೊಂಡೇ ಅದನ್ನು ಅಲೆಯಂತೆ ಏರಿಳಿಯಗೊಡುವ ಬಳೆ ಅದು. ಪದದ ಎರಡೂ ಅರ್ಥಗಳು ನನ್ನ ಕಣ್ಣೆದುರಿಗೆ ಒಂದೇ ರಬ್ಬರಿನಲ್ಲಿ ಕೂಡಿದ್ದವು.

ಈಗ ಮನೆಗೆ ಬರೋಣ. ನಮ್ಮ ಕಡೆಯ ಒಂದು ಸಾಮಾನ್ಯ ಹಜಾರವನ್ನೇ ತೆಗೆದುಕೊಳ್ಳಿ: ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದ, ಇಟ್ಟಿಗೆ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟು ತಾರಸಿ. ಈ ಕೋಣೆಯಲ್ಲಿ ಎರಡು ನೆರೆಗಳೂ ಏಕಕಾಲಕ್ಕೆ ಕೆಲಸ ಮಾಡುತ್ತವೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹರಿಯುತ್ತದೆ. 40 ಹರ್ಟ್ಸ್‌ನ ಮಂದ್ರದ ಒಂದು ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅದು ನಿಮ್ಮ ಹಜಾರಕ್ಕಿಂತ ದೊಡ್ಡದು. ಅಂಥ ಅಲೆಗೆ ದಿಕ್ಕಿಲ್ಲ, ಅದು ಕೋಣೆಯನ್ನು ತುಂಬುತ್ತದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದು ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗದು. ಹತ್ತು ಸಾವಿರ ಹರ್ಟ್ಸ್‌ನ ಅಲೆಯಾದರೆ ಮೂರೂವರೆ ಸೆಂಟಿಮೀಟರಿಗೂ ಕಡಿಮೆ. ಅದು ನೆಟ್ಟಗೆ ಬರುತ್ತದೆ, ಬಂದ ದಿಕ್ಕನ್ನು ಹೇಳಿಯೇ ಹೇಳುತ್ತದೆ. ಆದ್ದರಿಂದ ಮಂದ್ರದ ಪೆಟ್ಟಿಗೆಯಾದ ಸಬ್‌ವೂಫರನ್ನು ಹಳೆಯ ಅರ್ಥದಲ್ಲಿ ಇಡಬೇಕು, ಉಳಿದ ಐದನ್ನು ಹೊಸ ಅರ್ಥದಲ್ಲಿ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ: ಸಬ್‌ವೂಫರಿಗೆ ಕಾಲಿಗೆ ತಡೆಯದ ಯಾವುದೋ ಒಂದು ಮೂಲೆ, ಸರೌಂಡುಗಳಿಗೆ ಮೊಳೆ ಹೊಡೆಯಲು ಸುಲಭವಾದ ಜಾಗ.

ಮಂದ್ರವನ್ನು ಅರ್ಥ ಮಾಡಿಕೊಳ್ಳಲು ಬಚ್ಚಲಿನ ಬಕೆಟ್ ಸಾಕು. ಅರ್ಧ ತುಂಬಿದ ಬಕೆಟ್ಟನ್ನು ಒಂದು ಲಯದಲ್ಲಿ ತೂಗಿದರೆ ನೀರು ಎರಡು ಅಂಚುಗಳಲ್ಲಿ ಏರಿಳಿಯುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹದಿನೈದು ಅಡಿಯ ಕೋಣೆಯಲ್ಲಿ 37-38 ಹರ್ಟ್ಸ್‌ನ ದನಿ ಹೀಗೆಯೇ ತೂಗುತ್ತದೆ, ಹನ್ನೆರಡು ಅಡಿಯ ಅಗಲಕ್ಕೆ 47ರ ಆಸುಪಾಸಿನದು. ಗೋಡೆಗೆ ಒರಗಿಸಿದ ಸೋಫಾದಲ್ಲಿ ಕೂತವರಿಗೆ ಎದೆ ಬಡಿಯುವಷ್ಟು ಗುಡುಗು, ಕೋಣೆಯ ನಡುವೆ ಕುರ್ಚಿ ಹಾಕಿಕೊಂಡವರಿಗೆ ಅದೇ ಗುಡುಗಿನ ಪತ್ತೆಯಿಲ್ಲ. ಸೋಫಾವನ್ನು ಹಿಂದಿನ ಗೋಡೆಯಿಂದ ಉದ್ದದ ಮೂರರಲ್ಲೊಂದು ಪಾಲು, ಅಂದರೆ ಐದಡಿ, ಮುಂದಕ್ಕೆ ತಂದರೆ ಎರಡೂ ಅತಿಗಳು ತಪ್ಪುತ್ತವೆ. ಸಬ್‌ವೂಫರಿನ ಜಾಗ ಹುಡುಕಲು ಕಸುಬಿನವರು ಮಾಡುವ ಉಪಾಯ ಸರಳ: ಸಬ್‌ವೂಫರನ್ನೇ ಎತ್ತಿ ಸೋಫಾದ ಮೇಲಿಟ್ಟು, ಮಂದ್ರ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಗೋಡೆಯ ಬದಿ ನೆಲದ ಮೇಲೆ ಅಂಬೆಗಾಲಿಡುತ್ತ ಕೇಳುವುದು. ಎಲ್ಲಿ ಪ್ರತಿ ಸ್ವರವೂ ಸಮನಾಗಿ, ಊದಿಕೊಳ್ಳದೆ ಕೇಳುತ್ತದೋ ಅದೇ ಅದರ ಜಾಗ.

ಇನ್ನುಳಿದವು ಸುತ್ತಿನ ಅರ್ಥದವು, ಅವಕ್ಕೆ ಕೋನಗಳಿವೆ. ನೀವು ಕೂತು ಟೀವಿಯ ನಡುವನ್ನು ನೋಡುವ ಗೆರೆಯೇ ಸೊನ್ನೆ. ಮುಂದಿನ ಎಡ ಬಲದವು ಅದರಿಂದ ಸುಮಾರು 30 ಡಿಗ್ರಿಗೆ, ಅವುಗಳಲ್ಲಿ ತಾರದ ದನಿ ಬಿಡುವ ಟ್ವೀಟರು ಕೂತವರ ಕಿವಿಯ ಮಟ್ಟಕ್ಕೆ. ನಡುವಿನದು ಟೀವಿಯ ಕೆಳಗಿದ್ದರೆ ಅದರ ಮೂತಿ ತುಸು ಮೇಲಕ್ಕೆ ವಾಲಿರಬೇಕು. ಮನೆಯಲ್ಲಿ ತೂತಿನ ಪರದೆಯಿಲ್ಲವಲ್ಲ. ಸರೌಂಡುಗಳು 110 ಡಿಗ್ರಿಯ ಹತ್ತಿರ. ಅಂದರೆ ಬೆನ್ನ ಹಿಂದಲ್ಲ, ಕಿವಿಯಿಂದ ಸ್ವಲ್ಪವೇ ಹಿಂದೆ, ತಲೆಗಿಂತ ಒಂದೆರಡು ಅಡಿ ಎತ್ತರದಲ್ಲಿ. ಇಷ್ಟು ಮಾಡಿದ ಮೇಲೆ ಸ್ಪೀಕರುಗಳಿಗೆಲ್ಲ ದನಿ ಹಂಚುವ ರಿಸೀವರಿಗೆ ಪ್ರತಿ ಸ್ಪೀಕರಿನ ದೂರ ಹೇಳಬೇಕು. ದನಿ ಒಂದು ಅಡಿ ಬರಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಹತ್ತಿರದ ಸ್ಪೀಕರನ್ನು ಯಂತ್ರ ಅಷ್ಟು ತಡೆದು ಬಿಡುತ್ತದೆ, ಎಲ್ಲವೂ ಕಿವಿಗೆ ಒಟ್ಟಿಗೆ ಮುಟ್ಟುತ್ತವೆ. ಹಾಸ್ ಅಳೆದ ಕಿವಿಯ ಪಕ್ಷಪಾತ ನೆನಪಿದೆಯಲ್ಲ, ಮೂರಡಿ ಹತ್ತಿರದ ಸ್ಪೀಕರಿಗೆ ಈ ಲೆಕ್ಕ ತಪ್ಪಿದರೂ ಸಾಕು, ದನಿಯೆಲ್ಲ ಆ ಕಡೆಗೆ ವಾಲಿ ನಿಲ್ಲುತ್ತದೆ.

ಆಮೇಲೆ ಗಟ್ಟಿತನ. ರಿಸೀವರಿನ ಮೆನುವಿನಲ್ಲಿ ಶ್ ಎನ್ನುವ ಪರೀಕ್ಷೆಯ ಸದ್ದೊಂದಿರುತ್ತದೆ. ಕೂರುವ ಜಾಗದಲ್ಲಿ ಮೊಬೈಲಿನ ಮಾಪಕ ಹಿಡಿದು ಐದೂ ಒಂದೇ ಮಟ್ಟಕ್ಕೆ, ಸಾಮಾನ್ಯವಾಗಿ 75 ಡೆಸಿಬೆಲ್‌ಗೆ, ಬರುವಂತೆ ಹೊಂದಿಸಬೇಕು. ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮನೆಯಲ್ಲಿ ಹೀಗೆ ಹೊಂದಿಸಿ ಸಿನಿಮಾ ಹಾಕಿದಾಗ ಅವನ ಮುಖ ಬಾಡಿತು. “ಅಣ್ಣಾ, ಹಿಂದಿನವೆರಡೂ ಸುಮ್ನೆ ಕೂತಿವೆ ಅನ್ಸುತ್ತೆ. ಮೊದ್ಲೇ ಚೆನ್ನಾಗಿ ಕೇಳ್ತಿತ್ತಪ್ಪ.” ಅವನಿಗೆ ಬೇಕಿದ್ದದ್ದು ಪೆಟ್ಟಿಗೆಯ ಮೇಲಿನ ರೌಂಡ್. ನಾನು ಮಾತಾಡದೆ, ಮಳೆಯ ದೃಶ್ಯವೊಂದರ ನಡುವೆ ಹಿಂದಿನವೆರಡರ ತಂತಿ ಎಳೆದೆ. ಮಳೆ ಹಠಾತ್ತನೆ ಟೀವಿಯ ಚೌಕಟ್ಟಿನೊಳಗೆ ಹೋಗಿ ಸೇರಿಕೊಂಡಿತು, ಕೋಣೆ ಒಣಗಿದ ಹಾಗಾಯಿತು. ಮತ್ತೆ ಸಿಕ್ಕಿಸಿದೆ. “ಓ…” ಎಂದನಷ್ಟೆ, ಮುಂದೆ ಗುಂಡಿಯ ತಂಟೆಗೆ ಹೋಗಲಿಲ್ಲ. ಸರೌಂಡ್ ಸ್ಪೀಕರ್ ತಾನಿದ್ದೇನೆಂದು ಕೂಗಿದರೆ ಅದರ ಕೆಲಸ ಕೆಟ್ಟಿತೆಂದೇ ಅರ್ಥ. ಹೆಲಿಕಾಪ್ಟರ್ ಸುತ್ತುವ ಗಳಿಗೆಯಲ್ಲಿ ದಿಕ್ಕು ತೋರಿಸಲಿ. ಉಳಿದ ಹೊತ್ತು ಗಾಳಿ, ಮಳೆ, ಸಂತೆಯ ಗದ್ದಲವಾಗಿ ತುಂಬಿಕೊಂಡಿರಲಿ.

ನಮ್ಮ ಮನೆಗಳ ದೊಡ್ಡ ತೊಡಕು ಬರಿಗೋಡೆ. ಟೈಲ್ಸು, ಗಾಜು, ಕಾಂಕ್ರೀಟು ಯಾವುದೂ ದನಿಯನ್ನು ಹೀರುವುದಿಲ್ಲ. ಚಪ್ಪಾಳೆ ತಟ್ಟಿದರೆ ಟಿರ್ರ್ ಎಂದು ಉತ್ತರ ಬಂದರೆ ಆ ಕೋಣೆಯಲ್ಲಿ ಎಷ್ಟು ದುಬಾರಿಯ ಸ್ಪೀಕರ್ ತಂದರೂ ಮಾತು ಕಲಸಿಹೋಗುತ್ತದೆ. ದುಡ್ಡನ್ನು ಮೊದಲು ಇಲ್ಲಿ ಹಾಕಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸೋಫಾ ಮತ್ತು ಟೀವಿಯ ನಡುವೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆಯಿರುವ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಹೆಚ್ಚಿನ ತಾರದ ದನಿಗಳು ಇವಕ್ಕೆ ಪಳಗುತ್ತವೆ. ಮಂದ್ರ ಮಾತ್ರ ಇವಾವುದಕ್ಕೂ ಬಗ್ಗುವುದಿಲ್ಲ. ಎಂಟು ಮೀಟರಿನ ಅಲೆಗೆ ಒಂದು ಅಂಗುಲದ ಕಂಬಳಿ ಏನೂ ಅಲ್ಲ.

ಬಗ್ಗದ ಮಂದ್ರ ಎಲ್ಲಿಗೆ ಹೋಗುತ್ತದೆ? ನೆರೆಮನೆಗೆ. ಅಪಾರ್ಟ್‌ಮೆಂಟಿನಲ್ಲಿ ನಮ್ಮ ನೆಲವೇ ಕೆಳಗಿನವರ ಸೂರು, ನಾಲ್ಕೂವರೆ ಅಂಗುಲದ ಗೋಡೆಯಾಚೆ ಇನ್ನೊಂದು ಮನೆಯ ಮಲಗುವ ಕೋಣೆ. ಸಂಭಾಷಣೆಯನ್ನು ಗೋಡೆ ತಡೆಯುತ್ತದೆ, 40 ಹರ್ಟ್ಸ್ ಅದರ ಮೇಲೆ ಹಾದುಹೋಗುತ್ತದೆ. ಆಚೆಯವರಿಗೆ ಸಿನಿಮಾ ಇಲ್ಲ, ಕಥೆಯಿಲ್ಲ, ಬರೀ ಧಂ ಧಂ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ನಿಯಮಕ್ಕಾಗಿ ಅಲ್ಲದಿದ್ದರೂ ಆಚೆ ಮಲಗಿರುವ ಮಗುವಿಗಾಗಿ, ಸಬ್‌ವೂಫರನ್ನು ಎರಡು ಮನೆಗೆ ಒಂದೇ ಆದ ಗೋಡೆಯಿಂದ ದೂರವಿಡಿ, ಅದರ ಅಡಿಗೆ ದಪ್ಪ ರಬ್ಬರಿನ ಹಾಸು ಹಾಕಿ, ಹತ್ತರ ಮೇಲೆ ರಿಸೀವರಿನ ನೈಟ್ ಮೋಡ್ ಒತ್ತಿ. ಅದು ಸ್ಫೋಟಗಳನ್ನು ಕುಗ್ಗಿಸಿ ಪಿಸುಮಾತನ್ನು ಎತ್ತಿಕೊಡುತ್ತದೆ. ನೆರೆ ಎಂಬ ಒಂದೇ ಬರವಣಿಗೆಯಲ್ಲಿ ಪ್ರವಾಹವೂ ಪಕ್ಕದ ಮನೆಯೂ ಇರುವುದು ನನಗೆ ರಾತ್ರಿ ಹೊತ್ತು ಬಹಳ ನೆನಪಾಗುತ್ತದೆ.

ಪದದ ತಲೆಯ ಭಾಗ, ‘ಉಪರಿ’ಯ ನೆಂಟನಾದ ‘ಸೂಪರ್’, ಬಹಳ ಕಾಲ ಕೆಲಸವಿಲ್ಲದೆ ಕೂತಿತ್ತು. 2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಡಾಲ್ಬಿ ಅಟ್ಮಾಸ್ ಬಂದು ಥಿಯೇಟರಿನ ಸೂರಿಗೆ ಸ್ಪೀಕರು ಹತ್ತಿದವು. ಎರಡು ವರ್ಷದ ಮೇಲೆ ಅದು ಮನೆಗಳಿಗೂ ಇಳಿಯಿತು. 5.1.2 ಎಂದು ಬರೆದಾಗ ಕೊನೆಯ ಅಂಕಿ ತಲೆಯ ಮೇಲಿನವುಗಳ ಲೆಕ್ಕ. ಗ್ರೀಕಿನಲ್ಲಿ ‘ಅಟ್ಮೋಸ್’ ಎಂದರೆ ಹಬೆ. ನೀರಾಗಿ ಹೊರಟ ಹೆಸರು ಹಬೆಯಾಗಿದೆ. ಸೂರಿಗೆ ತೂತು ಕೊರೆಯುವ ಗೊಡವೆ ಬೇಡ ಎನ್ನುವವರಿಗೆ ಮೇಲ್ಮುಖವಾಗಿ ದನಿ ಚಿಮ್ಮಿಸಿ ತಾರಸಿಯಿಂದ ಪುಟಿಸುವ ಸ್ಪೀಕರುಗಳು ಸಿಗುತ್ತವೆ. ಅವಕ್ಕೆ ಸಪಾಟಾದ ಗಟ್ಟಿ ತಾರಸಿ ಬೇಕು, ಎತ್ತರವೂ ಸುಮಾರು ಎಂಟರಿಂದ ಹನ್ನೆರಡು ಅಡಿಯೊಳಗೆ ಇರಬೇಕು. ನಮ್ಮ ಬಹುಪಾಲು ಮನೆಗಳಿಗೆ ಇದು ಸರಿಹೊಂದುತ್ತದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಿಗೆ ಹೊಂದದು: ಇಳಿಜಾರಿನ ಮಾಡು ದನಿಯನ್ನು ಕೂತವರ ಕಡೆಗೆ ತಿರುಗಿಸದೆ ಅಡ್ಡಕ್ಕೆ ಎಸೆಯುತ್ತದೆ, ಹೆಂಚಿನ ಸಂದುಗಳಿಂದ ಅರ್ಧ ಹೊರಗೇ ಹೋಗುತ್ತದೆ. ಅಲ್ಲಿ ತೊಲೆಗೇ ಎರಡು ಸಣ್ಣ ಸ್ಪೀಕರ್ ಬಿಗಿದು, ಮೂತಿಯನ್ನು ಸೋಫಾದತ್ತ ಬಗ್ಗಿಸಿ, ತಂತಿಯನ್ನು ಜಂತೆಯ ಬದಿಯಿಂದ ಇಳಿಸುವುದು ಒಳ್ಳೆಯದು. ಇಷ್ಟಾದ ಮೇಲೂ ಕೈಯಲ್ಲಿ ದುಡ್ಡು ಒಂದಕ್ಕೇ ಸಾಲುವುದಾದರೆ ಮೇಲಿನವನ್ನು ಬಿಟ್ಟು, ಟೀವಿಯ ಕೆಳಗಿನ ನಡುಸ್ಪೀಕರಿಗೆ ಹಾಕಿ. ಸಿನಿಮಾದ ಮಾತೆಲ್ಲ ಬರುವುದು ಅದರಿಂದ.